ಅಳಿವೆ ಕಾಣುವ ಹಳೇ ಮನೆ: ಕೊಳ್ಳುವ ಮೊದಲು ಒಂದು ಮಳೆಗಾಲ ಅಲ್ಲಿ ಇದ್ದು ನೋಡಿ

ಪ್ರಶ್ನೆ: ನಾನು, ನನ್ನ ಯಜಮಾನರು ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಯಜಮಾನರ ಅಜ್ಜಿಮನೆ ಕುಮಟಾ ಕಡೆ. ಈ ಜನವರಿಯಲ್ಲಿ ಹೋದಾಗ ಅಘನಾಶಿನಿ ಊರಿನಲ್ಲಿ ಒಂದು ಹಳೇ ಹೆಂಚಿನ ಮನೆ ನೋಡಿದೆವು. ಜಗಲಿಯಲ್ಲಿ ಕೂತರೆ ಹೊಳೆ ಸಮುದ್ರ ಸೇರುವ ಜಾಗ ಕಾಣುತ್ತದೆ. ಆಚೆ ದಡದಲ್ಲಿ ತದಡಿಯ ದೋಣಿಗಳು. ನೀರಿನ ಅಂಚಿನಿಂದ ಮನೆಗೆ ಎಪ್ಪತ್ತು ಎಂಬತ್ತು ಹೆಜ್ಜೆ ಇರಬಹುದು. ನಾಲ್ಕು ವರ್ಷದಿಂದ ಮನೆಗೆ ಬೀಗ ಹಾಕಿದೆ. ಐದು ವರ್ಷದಲ್ಲಿ ಸಮುದ್ರ ನುಂಗಿಬಿಡುತ್ತದೆ, ದುಡ್ಡು ಹಾಕಬೇಡಿ ಅಂತ ನನ್ನ ಅಣ್ಣ ಹೇಳುತ್ತಾನೆ. ಗುತ್ತಿಗೆದಾರರು ಹೆಂಚು, ಕೆಂಪುಕಲ್ಲು ಎಲ್ಲ ಕೆಡವಿ ಎರಡು ಮಹಡಿ ಆರ್‌ಸಿಸಿ ಮಾಡಿ, ಹೊಳೆ ಕಡೆಗೆ ಪೂರ್ತಿ ಗಾಜು ಹಾಕಿ, ಮೂವತ್ತು ವರ್ಷ ಚಿಂತೆ ಇಲ್ಲ ಅನ್ನುತ್ತಾರೆ. ಬಾವಿ ನೀರು ಕುಡಿದು ನೋಡಿದೆವು, ಸಿಹಿ ಇದೆ. ನಾವು ವರ್ಷಕ್ಕೆ ಐದಾರು ಸಲ ಹೋಗುವುದು, ಉಳಿದ ದಿನ ಪ್ರವಾಸಿಗರಿಗೆ ಕೊಡುವುದು ಅಂತ ಲೆಕ್ಕ. ಗೋಕರ್ಣ, ಯಾಣ ಎಲ್ಲ ಹತ್ತಿರವೇ ಇವೆಯಲ್ಲ. ಇದು ಬುದ್ಧಿವಂತಿಕೆಯೋ, ಆಸೆಗೆ ಬಿದ್ದು ಮಾಡುವ ತಪ್ಪೋ?

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ದೊಡ್ಡ ಭಯ ಸಮುದ್ರದ್ದು. ಆದರೆ ಅದೇ ಪತ್ರದಲ್ಲಿ ನನ್ನನ್ನು ಹೆದರಿಸಿದ ಮಾತು ಬೇರೆ: "ನಾಲ್ಕು ವರ್ಷದಿಂದ ಬೀಗ ಹಾಕಿದೆ." ಕಾರವಾರದಿಂದ ಭಟ್ಕಳದ ತನಕ ಹಳೇ ಮನೆಗಳ ದುರಸ್ತಿ ಮಾಡಿಸುತ್ತಾ ಇಪ್ಪತ್ತೈದು ವರ್ಷ ಆಯಿತು. ಸಮುದ್ರ ಎಳೆದುಕೊಂಡು ಹೋದ ಮನೆ ಕಂಡಿದ್ದೇನೆ, ಬೆರಳೆಣಿಕೆಯಷ್ಟು. ಬೀಗ ಹಾಕಿ ಬಿಟ್ಟದ್ದಕ್ಕೆ ಹಾಳಾದ ಮನೆಗಳಿಗೆ ಲೆಕ್ಕವಿಲ್ಲ.

ಮೊದಲು ಅಣ್ಣನವರ ಮಾತನ್ನೇ ತೆಗೆದುಕೊಳ್ಳೋಣ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಳೆಗಾಲದ ಅಲೆ ದಂಡೆಯ ಮರಳನ್ನು ಕಡಿದು ಒಳಗೆ ಎಳೆದುಕೊಳ್ಳುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದರಲ್ಲಿ ಬಹುಪಾಲನ್ನು ವಾಪಸು ತಂದು ಹಾಕುತ್ತವೆ. ಇದು ಪ್ರತಿ ವರ್ಷ ನಡೆಯುವ ಉಸಿರಾಟದ ಹಾಗೆ. ಜೂನ್‌ನಲ್ಲಿ ಫೋಟೋ ತೆಗೆದರೆ ಎಲ್ಲ ಕಡೆಯೂ ಕಡಲ್ಕೊರೆತದ ಹಾಗೇ ಕಾಣುತ್ತದೆ. ವರ್ಷದಿಂದ ವರ್ಷಕ್ಕೆ ಡಿಸೆಂಬರ್‌ನ ದಂಡೆ ಹಿಂದೆ ಸರಿಯುತ್ತಿದ್ದರೆ ಮಾತ್ರ ಅದು ನಿಜವಾದ ಕೊರೆತ.

ಆದರೆ ನೀವು ನೋಡಿರುವುದು ತೆರೆದ ಕಡಲತೀರದ ಮನೆಯಲ್ಲ, ಅಳಿವೆಯ ಮನೆ. ಇಲ್ಲಿ ಲೆಕ್ಕ ಬೇರೆ. ಶಿರಸಿ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಘಟ್ಟದಲ್ಲಿ ಬಿದ್ದ ಮಳೆ ನೇರವಾಗಿ ಕೆಳಗೆ ಬರುತ್ತದೆ. ಮಳೆಗಾಲದಲ್ಲಿ ಹೊಳೆ ಮರಳನ್ನು ಹೊರಗೆ ತಳ್ಳುತ್ತದೆ, ಬೇಸಿಗೆಯಲ್ಲಿ ಸಮುದ್ರ ಒಳಗೆ ತಳ್ಳುತ್ತದೆ. ಬಾಯಿಯ ಹತ್ತಿರದ ಮರಳುದಿಬ್ಬಗಳು ಜಾಗ ಬದಲಿಸುವುದು ಇದಕ್ಕೇ. ಘಟ್ಟದಲ್ಲಿ ಎರಡು ಮೂರು ದಿನ ಬಿಡದೆ ಮಳೆ ಹೊಡೆದು, ಅದೇ ಹೊತ್ತಿಗೆ ಹುಣ್ಣಿಮೆಯೋ ಅಮಾವಾಸ್ಯೆಯೋ ಬಂದರೆ, ಉಬ್ಬರದ ನೀರು ಬಾಗಿಲಿಗೆ ಅಡ್ಡ ನಿಂತ ಹಾಗೆ ಆಗುತ್ತದೆ. ಹೊಳೆ ನೀರಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ದಡಕ್ಕೆ ಏರುತ್ತದೆ. ನಿಮ್ಮ ಮನೆಗೆ ಅಪಾಯ ಬರುವುದಾದರೆ ಅಲೆಯ ಕಡೆಯಿಂದ ಬರುವುದಕ್ಕಿಂತ ಈ ದಾರಿಯಲ್ಲಿ ಬರುವ ಸಾಧ್ಯತೆಯೇ ಜಾಸ್ತಿ.

ಇದನ್ನು ತಿಳಿಯಲು ನನ್ನಂಥ ಇಂಜಿನಿಯರ್ ಬೇಕೆಂದೇನಿಲ್ಲ. ಅಕ್ಕಪಕ್ಕದ ಹಿರಿಯರನ್ನು ಕೇಳಿ: 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ನೀರು ಎಲ್ಲಿ ತನಕ ಬಂದಿತ್ತು? 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಏನಾಯಿತು? ದಿನಾಂಕ ಮರೆತಿರಬಹುದು, ಆದರೆ ನೀರು ಯಾವ ಮೆಟ್ಟಿಲು ಮುಟ್ಟಿತ್ತು ಅನ್ನುವುದನ್ನು ಯಾರೂ ಮರೆಯುವುದಿಲ್ಲ. ಗೋಡೆಯ ಬುಡದಲ್ಲಿ ಹಳೇ ನೀರಿನ ಗೆರೆ ಇದೆಯಾ ನೋಡಿ. ಹೊಳೆ ಅಂಚಿನ ತೆಂಗಿನ ಮರಗಳ ಬೇರು ಹೊರಗೆ ಕಾಣುತ್ತಿದೆಯಾ ನೋಡಿ. ಹತ್ತು ಹದಿನೈದು ವರ್ಷದ ಉಪಗ್ರಹ ಚಿತ್ರಗಳು ಈಗ ಫೋನಿನಲ್ಲೇ ಸಿಗುತ್ತವೆ. ಒಂದೇ ತಿಂಗಳಿನ ಚಿತ್ರಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ.

ದಡಕ್ಕೆ ಕಲ್ಲು ಸುರಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಕಲ್ಲಿಗೆ ಹೊಡೆದ ನೀರು ಪಕ್ಕದವರ ದಡ ಕಡಿಯುತ್ತದೆ. ಅನುಮತಿ ಇಲ್ಲದೆ ಹಾಗೆ ಮಾಡುವಂತೆಯೂ ಇಲ್ಲ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದರೆ ಅವೇ ನಿಮ್ಮ ತಡೆಗೋಡೆ. ನೋಟಕ್ಕೆ ಅಡ್ಡ ಬರುತ್ತದೆ ಅಂತ ಒಂದು ಕೊಂಬೆಯನ್ನೂ ಕಡಿಸಬೇಡಿ. ದಯವಿಟ್ಟು.

ಈಗ ಬೀಗದ ವಿಷಯ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನಿಮಗೆ ಅಷ್ಟು ಹಿಡಿಸಿದ ಆ ಪಶ್ಚಿಮದ ನೋಟ ಇದೆಯಲ್ಲ, ಗಾಳಿಮಳೆ ಬಡಿಯುವುದೂ ಅದೇ ದಿಕ್ಕಿನಿಂದ. ಹಿಂದಿನವರು ಆ ಕಡೆ ಕಿಟಕಿ ಸಣ್ಣದಿಟ್ಟು, ಮಾಡನ್ನು, ಅಂದರೆ ಸೂರನ್ನು, ತಗ್ಗಿಸಿ, ಮೇ ಕೊನೆಗೆ ತೆಂಗಿನ ಗರಿ ಹೆಣೆದ ಮಡ್ಲಿನ ತಟ್ಟಿ ಕಟ್ಟುತ್ತಿದ್ದರು. ಜನ ಇರುವ ಮನೆಯಲ್ಲಿ ದಿನಾ ಒಲೆ ಉರಿಯುತ್ತದೆ. ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತದೆ, ಹೆಂಚು ಹೊರುವ ಮರದ ಪಕಾಸು, ರೀಪುಗಳಿಗೆ ಹುಳ ಹತ್ತುವುದಿಲ್ಲ. ಒಂದು ಹೆಂಚು ಜಾರಿದರೆ ಮರುದಿನವೇ ಯಾರೋ ಏಣಿ ಹಾಕಿ ಸರಿ ಮಾಡುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಆ ಒಂದು ಹೆಂಚು ನಾಲ್ಕು ತಿಂಗಳು ಹಾಗೇ ಇರುತ್ತದೆ. ಪಕಾಸು ನೆನೆಯುತ್ತದೆ, ಗೋಡೆಯ ತಲೆಗೆ ನೀರು ಇಳಿಯುತ್ತದೆ, ಗೆದ್ದಲು ಬರುತ್ತದೆ. ಅಕ್ಟೋಬರಿನಲ್ಲಿ ಬಾಗಿಲು ತೆಗೆದರೆ ಹಾಸಿಗೆಗೆಲ್ಲ ಬೂಷ್ಟು. ನಿಮ್ಮ ಮನೆಗೆ ಇಂಥ ನಾಲ್ಕು ಮಳೆಗಾಲ ಆಗಿದೆ. ಮಾಡಿನ ಪ್ರತಿ ಪಕಾಸನ್ನೂ ಬಡಗಿಯ ಕೈಯಲ್ಲಿ ಉಳಿಯಿಂದ ಚುಚ್ಚಿಸಿ ನೋಡಿ. ಮೆತ್ತಗೆ ಒಳಗೆ ಇಳಿದರೆ ಆ ಮರ ಹೋಯಿತು ಅಂತಲೇ.

ಗುತ್ತಿಗೆದಾರರ ಮಾತಿಗೆ ಬರುತ್ತೇನೆ. ಆರ್‌ಸಿಸಿ ಗಟ್ಟಿ, ಹೆಂಚು ಕಚ್ಚಾ ಅನ್ನುವ ನಂಬಿಕೆ ಒಳನಾಡಿನಿಂದ ಬಂದದ್ದು. ಉಪ್ಪುಗಾಳಿಯ ಜಾಗದಲ್ಲಿ ಅದು ಹಾಗೇ ನಡೆಯುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ನಿಧಾನವಾಗಿ ಒಳಗೆ ಇಳಿದು ಕಬ್ಬಿಣ ಮುಟ್ಟುತ್ತದೆ. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗೂ ಮೀರಿ ಊದುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟ್ ಸೀಳಿ ತುಂಡುತುಂಡಾಗಿ ಬೀಳುತ್ತದೆ. ಮೊದಲು ಬೀಳುವುದು ಬಾಲ್ಕನಿ ಮತ್ತು ಕಿಟಕಿಯ ಮೇಲಿನ ಸಜ್ಜಾ.

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಅಳಿವೆಯ ಹತ್ತಿರ ಒಂದು ಮನೆ ಕಟ್ಟಿಸಿದೆ. ಮರಳು ಅಲ್ಲೇ ಹೊಳೆಬಾಯಿಯದು, ತೊಳೆಸಿರಲಿಲ್ಲ. ಸ್ಲ್ಯಾಬಿನ ಕಬ್ಬಿಣದ ಮೇಲೆ ಎಲ್ಲ ಕಡೆ ಬಿಡುವ ಹಾಗೆ 20 ಮಿಲಿಮೀಟರ್ ಕಾಂಕ್ರೀಟ್ ಬಿಟ್ಟಿದ್ದೆ. ಎಂಟನೇ ವರ್ಷ ಬಾಲ್ಕನಿಯ ಅಡಿಭಾಗ ಕಳಚಿ ಬಿತ್ತು. ಅದೃಷ್ಟಕ್ಕೆ ಕೆಳಗೆ ಯಾರೂ ಇರಲಿಲ್ಲ. ಆ ಮನೆಯವರ ಮುಖ ಇವತ್ತಿಗೂ ನೆನಪಿದೆ. ಕಾಂಕ್ರೀಟಿಗೆ ಇರುವ ಭಾರತೀಯ ಮಾನಕ ಐಎಸ್ 456 ಕರಾವಳಿಯ ಗಾಳಿಗೆ ತೆರೆದಿರುವ ಕಟ್ಟಡಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಕೇಳುತ್ತದೆ. ಸಮುದ್ರದ ನೀರು ಸಿಡಿಯುವ ಜಾಗಕ್ಕೆ ಎಂ35, 50 ಮಿಲಿಮೀಟರ್. ನಿಮ್ಮ ಗುತ್ತಿಗೆದಾರರನ್ನು ಸುಮ್ನೆ ಇಷ್ಟೇ ಕೇಳಿ: ಯಾವ ದರ್ಜೆ, ಎಷ್ಟು ಹೊದಿಕೆ, ಮರಳು ಎಲ್ಲಿಂದ? ಉತ್ತರ ತಡವರಿಸಿದರೆ ಮೂವತ್ತು ವರ್ಷದ ಮಾತನ್ನು ನಂಬಬೇಡಿ.

ಕೆಂಪುಕಲ್ಲು ಈ ನೆಲದ್ದೇ. ಹಳೇ ಗೋಡೆಗಳಿಗೆ ಚಿಪ್ಪಿನ ಸುಣ್ಣದ ಗಾರೆ ಹಾಕಿರುತ್ತಾರೆ. ಅದು ತೇವವನ್ನು ಒಳಗೆ ಹಿಡಿದಿಡದೆ ಹೊರಗೆ ಬಿಡುತ್ತದೆ. ಅದರ ಮೇಲೆ ಚೆಂದಕ್ಕೆ ಅಂತ ಸಿಮೆಂಟ್ ಗಿಲಾವು ಮಾಡಿ, ಹೊಳೆಯುವ ಪೇಂಟ್ ಹೊಡೆದರೆ ತೇವ ಒಳಗೇ ಉಳಿಯುತ್ತದೆ. ಎರಡು ವರ್ಷದಲ್ಲಿ ಬಿಳಿ ಉಪ್ಪಿನ ಹುಡಿ ಎದ್ದು ಗಿಲಾವು ಹೊಟ್ಟೆಯುಬ್ಬಿ ಬೀಳುತ್ತದೆ. ದುರಸ್ತಿಗೂ ಸುಣ್ಣವನ್ನೇ ಬಳಸಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ ಆ ಹೆಂಚಿನ ಮಾದರಿ ಇವತ್ತಿಗೂ ಉಳಿದಿರುವುದಕ್ಕೆ ಕಾರಣ ಇದೆ. ಒಂದು ಒಡೆದರೆ ಒಂದನ್ನೇ ಬದಲಿಸಬಹುದು, ಉಪ್ಪು ಅದನ್ನು ತಿನ್ನುವುದಿಲ್ಲ. ಸ್ಕ್ರೂ, ಚಿಲಕ, ತಿರುಗಣಿಗಳಿಗೆ ಹಿತ್ತಾಳೆ ಹಾಕಿಸಿ, ಇಲ್ಲವೇ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 304ರ ಮೇಲೆ ಇಲ್ಲಿ ಬೇಗ ಕಂದು ಚುಕ್ಕೆ ಬರುತ್ತದೆ. ಪಶ್ಚಿಮಕ್ಕೆ ಪೂರ್ತಿ ಗಾಜಿನ ಗೋಡೆ ಬೇಡವೇ ಬೇಡ. ಮಧ್ಯಾಹ್ನದ ಮೇಲೆ ಮನೆ ಕುದಿಯುತ್ತದೆ, ಮಳೆಗಾಲದಲ್ಲಿ ಗಾಜಿನ ಅಂಚಿನಿಂದ ನೀರು ಸೋರುತ್ತದೆ. ನೋಟ ಬೇಕಾದರೆ ಜಗಲಿ ಇದೆಯಲ್ಲ. ಅದನ್ನು ಕಟ್ಟಿದ್ದೇ ಕೂತು ನೋಡುವುದಕ್ಕೆ.

ಬಾವಿ ನೀರು ಜನವರಿಯಲ್ಲಿ ಸಿಹಿ ಇದ್ದರೆ ಅದು ಮಳೆಗಾಲ ಬಿಟ್ಟುಹೋದ ಸಾಲ. ಪರೀಕ್ಷೆ ಮಾಡಬೇಕಾದದ್ದು ಮೇ ತಿಂಗಳಲ್ಲಿ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಉಬ್ಬರದ ಹೊತ್ತಿಗೆ. ಕಡಲಂಚಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ ಸುಮಾರು 40 ಅಡಿ ತನಕ ಸಿಹಿನೀರು ಇರುತ್ತದೆ. ಲೆಕ್ಕ ತಿರುಗಿಸಿ ನೋಡಿ: ಪಂಪು ಹಾಕಿ ಮೇಲಿನ ಒಂದು ಅಡಿ ಖಾಲಿ ಮಾಡಿದರೆ ಕೆಳಗಿನ ಉಪ್ಪು ಅಷ್ಟೂ ಮೇಲೆ ಬರಲು ದಾರಿಯಾಗುತ್ತದೆ. ಕೊಡದಲ್ಲಿ ಸೇದುತ್ತಿದ್ದ ಅಜ್ಜಿಗೆ ಜೀವಮಾನವಿಡೀ ಸಿಹಿ ಕೊಟ್ಟ ಬಾವಿ, ಎಂಟು ಅತಿಥಿಗಳ ಶವರ್‌ಗೆ ಒಂದೇ ಬೇಸಿಗೆಯಲ್ಲಿ ಉಪ್ಪಾಗಬಹುದು. ಪಕ್ಕದ ಮನೆಯ ಬಾವಿಯೂ ಜತೆಗೆ ಹೋಗುತ್ತದೆ. ಕುಡಿಯುವ ನೀರಿನ ಮಾನಕದ ಪ್ರಕಾರ ಲೀಟರಿಗೆ ಕ್ಲೋರೈಡ್ 250 ಮಿಲಿಗ್ರಾಂ, ಒಟ್ಟು ಕರಗಿದ ಲವಣ ಅಂದರೆ ಟಿಡಿಎಸ್ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1,000 ಮತ್ತು 2,000ದ ತನಕ ಒಪ್ಪುತ್ತಾರೆ. ಬೋರ್‌ವೆಲ್ ಕೊರೆಸುವ ಯೋಚನೆ ಇದ್ದರೆ ಬಿಡಿ. ಇಲ್ಲಿ ಅದು ಉಪ್ಪನ್ನು ಹುಡುಕಿಕೊಂಡು ಹೋದ ಹಾಗೆ. ಅಂತರ್ಜಲ ಎತ್ತುವುದಕ್ಕೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಕಟ್ಟುಪಾಡೂ ಇದೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಮಾಡಿನ ನೀರು ಹಿಡಿದಿಡಲು ದೊಡ್ಡ ತೊಟ್ಟಿ ಕಟ್ಟಿಸಿ. ನೂರಡಿಯೊಳಗೆ ಇದಕ್ಕಿಂತ ಒಳ್ಳೆಯ ನೀರು ಸಿಗಲಾರದು.

ಪಾಯಿಖಾನೆಯ ಗುಂಡಿಯ ಬಗ್ಗೆ ನೀವು ಕೇಳಿಲ್ಲ, ಆದರೆ ನಾನು ಹೇಳದೆ ಬಿಡುವಂತಿಲ್ಲ. ಹೊಳೆಯಂಚಿನಲ್ಲಿ ನೆಲದ ನೀರು ತೀರಾ ಮೇಲೆ ಇರುತ್ತದೆ. ಹಳೇ ಇಂಗುಗುಂಡಿ ಮಳೆಗಾಲದಲ್ಲಿ ಬಾವಿಗೂ ಹೊಳೆಗೂ ಬೆರೆಯುತ್ತದೆ. ಆ ಹೊಳೆಯಲ್ಲಿ ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರನ್ನು ನೀವು ನೋಡಿರುತ್ತೀರಿ. ಬಳಚು ನೀರನ್ನು ಸೋಸಿಯೇ ಬದುಕುವ ಜೀವ. ನೀರಿನಲ್ಲಿ ಏನಿದೆಯೋ ಅದು ಬಳಚಿನೊಳಗೆ, ಅಲ್ಲಿಂದ ಊರಿನವರ ತಟ್ಟೆಗೆ. ನೀರು ಸೋರದ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ. ಇಂಗುವ ಭಾಗ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಅರವತ್ತು ಅಡಿ ದೂರ ಇರಲಿ. ಜಾಗ ಸಾಲದಿದ್ದರೆ ಅತಿಥಿಗಳ ಸಂಖ್ಯೆ ಕಡಿಮೆ ಮಾಡಿ, ದೂರವನ್ನು ಕಡಿಮೆ ಮಾಡಬೇಡಿ.

ಕಾನೂನಿನ ವಿಷಯದಲ್ಲಿ ನಿಮ್ಮ "ಎಪ್ಪತ್ತು ಎಂಬತ್ತು ಹೆಜ್ಜೆ" ನನಗೆ ನಿದ್ದೆ ಕೆಡಿಸುವ ಅಂತರ. ಅದು ಹೆಚ್ಚುಕಡಿಮೆ 50 ಮೀಟರ್ ಆಗುತ್ತದೆ. 2019ರ ಸಿಆರ್‌ಝಡ್ ಅಧಿಸೂಚನೆ ಉಬ್ಬರವಿಳಿತ ಇರುವ ಹೊಳೆಯ ದಡದಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ನಿಯಂತ್ರಣ ವಲಯ ಅಂತ ಹಿಡಿಯುತ್ತದೆ. 2011ರದ್ದರಲ್ಲಿ ಅದು 100 ಮೀಟರ್ ಇತ್ತು. ತೆರೆದ ಸಮುದ್ರದ ಕಡೆಗೆ, ಜನಸಾಂದ್ರತೆ ಕಡಿಮೆ ಇರುವ ಹಳ್ಳಿಗಳಲ್ಲಿ, 200 ಮೀಟರ್ ತನಕ ಹೊಸ ಕಟ್ಟಡ ಬರುವಂತಿಲ್ಲ. ದೊಡ್ಡ ಕಾಂಡ್ಲಾ ಪ್ರದೇಶ ಪಕ್ಕದಲ್ಲಿದ್ದರೆ ಅದಕ್ಕೂ 50 ಮೀಟರಿನ ರಕ್ಷಣೆ ಇದೆ. ಇದನ್ನೆಲ್ಲ ಅಳೆಯುವುದು ಉಬ್ಬರ ರೇಖೆಯಿಂದ, ಅಂದರೆ ದೊಡ್ಡ ಉಬ್ಬರದ ನೀರು ಮುಟ್ಟುವ ಗೆರೆಯಿಂದ. ಜನವರಿಯ ಒಂದು ಮಧ್ಯಾಹ್ನ ನೀವು ಕಂಡ ನೀರಿನ ಅಂಚಿನಿಂದಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲು ಸರ್ವೆ ನಂಬರನ್ನು ಕರಾವಳಿ ವಲಯದ ನಕ್ಷೆಯ ಮೇಲೆ ಗುರುತು ಹಾಕಿಸಿ. ಕಾರವಾರದಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ಇದೆ, ಲಿಖಿತವಾಗಿ ಕೇಳಿ. ನಿರ್ಬಂಧದ ಒಳಗಿದ್ದರೂ, ಅಧಿಕೃತವಾಗಿ ಇರುವ ಮನೆಯನ್ನು ಈಗಿರುವ ಅಡಿಪಾಯದ ವಿಸ್ತೀರ್ಣ ಮೀರದೆ ದುರಸ್ತಿ ಮಾಡಲು ದಾರಿಯಿದೆ. ಕೆಡವಿ ಎರಡು ಮಹಡಿ ಏರಿಸುವ ಮಾತು ಬೇರೆ. ಕೆಡವಿದ ಮೇಲೆ ಅನುಮತಿ ಸಿಗದೆ ಬರೀ ಅಡಿಪಾಯ ಇಟ್ಟುಕೊಂಡು ಕೂತವರನ್ನು ನಾನು ಕಂಡಿದ್ದೇನೆ.

ಅದೇ ಅಧಿಸೂಚನೆಯಲ್ಲಿ ಹೋಮ್‌ಸ್ಟೇ ಮಾತೂ ಇದೆ. ಸ್ಥಳೀಯ ಜನ, ಮೀನುಗಾರರೂ ಸೇರಿ, ಇರುವ ಮನೆಯ ಅಡಿಪಾಯ, ವಿನ್ಯಾಸ, ಮುಖ ಬದಲಿಸದೆ ಹೋಮ್‌ಸ್ಟೇ ನಡೆಸಬಹುದು ಅಂತ. ಬೆಂಗಳೂರಿನಲ್ಲಿದ್ದುಕೊಂಡು ನಡೆಸುವವರು ಆ ಮಾತಿನೊಳಗೆ ಬರುತ್ತಾರೆ ಅಂತ ನೀವಾಗಿಯೇ ಅಂದುಕೊಳ್ಳಬೇಡಿ. ಅದನ್ನೂ ಬರಹದಲ್ಲಿ ಕೇಳಿ.

ಇನ್ನು ಅತಿಥಿಗಳು, ತಿರುಗಾಟ. ಇಲ್ಲಿ ನಿಮ್ಮ ಲೆಕ್ಕಕ್ಕೆ ಒಳ್ಳೆಯ ಸುದ್ದಿಯೇ ಜಾಸ್ತಿ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾದಲ್ಲಿ ನಿಲ್ಲುತ್ತದೆ. ದೋಣಿಯಲ್ಲಿ ತದಡಿಗೆ ದಾಟಿದರೆ ಗೋಕರ್ಣ ಹತ್ತಿರ. ಹಾದಿಯಲ್ಲೇ ಸಾಣಿಕಟ್ಟೆಯ ಉಪ್ಪಿನಗದ್ದೆಗಳು, ಬೇಸಿಗೆಯಲ್ಲಿ ನೋಡಬೇಕು. ಒಳಗೆ ಬಂದರೆ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಮಿರ್ಜಾನ್ ಕೋಟೆ. ಮಳೆ ಮುಗಿದ ಹೊಸತರಲ್ಲಿ ಅದರ ಕೆಂಪುಕಲ್ಲಿನ ಮೇಲೆ ಹಸಿರು ಹಾಸಿರುತ್ತದೆ. ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರಕ್ಕೆ ಬೆಳಿಗ್ಗೆ ಬೇಗ ಹೋಗಬೇಕು. ಹೊನ್ನಾವರದ ಕಡೆ ಹೋದರೆ ಶರಾವತಿ ದಡದಲ್ಲಿ ಕಾಂಡ್ಲಾ ಕಾಡಿನೊಳಗೆ ನಡೆದಾಡುವ ಮರದ ಹಾದಿ, 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಕಾಸರಕೋಡು ತೀರ. ಜೋಗಕ್ಕೂ ಒಂದೇ ದಿನದಲ್ಲಿ ಹೋಗಿ ಬರಬಹುದು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸುವುದು ಎಲ್ಲಿಗೂ ಹೋಗದ ದಿನ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದೆ. ಇಳಿತಕ್ಕೆ ಕೆಸರು ತೆರೆದುಕೊಂಡಾಗ ಹಕ್ಕಿಗಳು ಇಳಿಯುತ್ತವೆ. ಒಳಗಿನ ಗಜನಿ, ಅಂದರೆ ಉಬ್ಬರದ ನೀರು ಬಂದುಹೋಗುವ ತಗ್ಗು ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಇನ್ನೂ ಇದೆ. ನಿಮ್ಮ ಅತಿಥಿಗಳಿಗೆ ಇದನ್ನು ಮೊದಲೇ ಹೇಳಿಬಿಡಿ. ಫೋಟೋದಲ್ಲಿ ತುಂಬಿದ ನೀಲಿ ನೀರು ನೋಡಿ ಬಂದವರಿಗೆ ಇಳಿತದ ಕೆಸರು, ಅದರ ವಾಸನೆ ಕೊಳಚೆ ಅನಿಸುತ್ತದೆ. ಅದು ಕೊಳೆತ ಎಲೆ, ಕೆಸರಿನ ಸಹಜ ವಾಸನೆ. ಅಳಿವೆ ಜೀವಂತ ಇರುವುದರ ಗುರುತು. ಸುಮಾರು ಆರು ಗಂಟೆಗೊಮ್ಮೆ ನೋಟ ಬದಲಾಗುತ್ತದೆ, ಮರುದಿನ ಅದೇ ಉಬ್ಬರ ಮುಕ್ಕಾಲು ಗಂಟೆಗಿಂತ ಸ್ವಲ್ಪ ತಡವಾಗಿ ಬರುತ್ತದೆ. ದಿನದ ಉಬ್ಬರವಿಳಿತದ ಹೊತ್ತನ್ನು ಜಗಲಿಯ ಹಲಗೆಯ ಮೇಲೆ ಬರೆದಿಡಿ. ದೋಣಿ, ಈಜು ಎಲ್ಲ ಅದರ ಪ್ರಕಾರ. ಹೊಳೆಬಾಯಿಯಲ್ಲಿ ಇಳಿತದ ಸೆಳೆತ ಬಲು ಜೋರು. ಅಲ್ಲಿ ಈಜಲು ಬಿಡಲೇಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಅತಿಥಿಗಳು ಕಡಿಮೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಹಾಗಾಗಿ ಬಾಡಿಗೆಯ ಲೆಕ್ಕವನ್ನು ಎಂಟು ತಿಂಗಳಿಗೆ ಹಾಕಿ, ಹನ್ನೆರಡಕ್ಕೆ ಬೇಡ. ಖರ್ಚು ಮಾತ್ರ ಹನ್ನೆರಡು ತಿಂಗಳದ್ದು.

ಇಷ್ಟೆಲ್ಲ ಆದ ಮೇಲೆ ದಾರಿ ಯಾವುದು? ಕೆಡವಿ ಕಟ್ಟುವುದು ಬೇಡ ಅಂತ ಆಗಲೇ ಹೇಳಿದ್ದೇನೆ. ಅದರಲ್ಲಿ ಅನುಮತಿಯ ಅಪಾಯ, ಉಪ್ಪಿನ ಅಪಾಯ ಎರಡೂ ಸೇರಿವೆ. ಕೊಂಡು, ದುರಸ್ತಿ ಮಾಡಿಸಿ, ಮತ್ತೆ ಬೀಗ ಹಾಕಿ ಬೆಂಗಳೂರಿಗೆ ಬರುವುದಾದರೆ ಆ ದುಡ್ಡನ್ನು ಮಳೆಗೆ ಹಾಕಿದ ಹಾಗೆ. ನನಗೆ ಸರಿ ಕಾಣುವುದು ಒಂದೇ: ಹಿಂಬದಿಯ ಎರಡು ಕೋಣೆ, ಅಡುಗೆಮನೆಯನ್ನು ಊರಿನದೇ ಒಂದು ಸಂಸಾರಕ್ಕೆ ಬಿಟ್ಟು, ಅವರು ವರ್ಷವಿಡೀ ಅಲ್ಲೇ ಇದ್ದು ಒಲೆ ಉರಿಸುವ ಹಾಗೆ ಮಾಡುವುದು. ಅತಿಥಿಗಳನ್ನು ನೋಡಿಕೊಳ್ಳುವುದೂ ಅವರೇ, ಆದಾಯದಲ್ಲಿ ಪಾಲೂ ಅವರಿಗಿರಲಿ. ಇದರಲ್ಲೂ ಕಷ್ಟ ಇದೆ. ಮನಸ್ತಾಪ ಬರಬಹುದು, ಬರಹದಲ್ಲಿ ಒಪ್ಪಂದ ಬೇಕು, ನಿಮಗೆ ಉಳಿಯುವ ಲಾಭ ಕಡಿಮೆ. ಆದರೆ ಮನೆ ಉಳಿಯುತ್ತದೆ.

ಅದಕ್ಕೂ ಮೊದಲು, ಮಾಲೀಕರು ಒಪ್ಪಿದರೆ, ಒಂದು ವರ್ಷ ಬಾಡಿಗೆಗೆ ತೆಗೆದುಕೊಳ್ಳಿ. ಮೇ ಅಮಾವಾಸ್ಯೆಗೆ ಬಂದು ಬಾವಿ ನೀರು ಪರೀಕ್ಷೆಗೆ ಕೊಡಿ. ಜುಲೈನಲ್ಲಿ ಒಂದು ವಾರ ರಜೆ ಹಾಕಿ, ಕರೆಂಟು ಹೋದ ರಾತ್ರಿಗಳನ್ನೂ ಸೇರಿಸಿ, ಆ ಮನೆಯಲ್ಲಿ ಮಲಗಿ. ಎಲ್ಲಿ ಸೋರುತ್ತದೆ ಅನ್ನುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹೊಳೆ ಎಲ್ಲಿ ತನಕ ಬಂತು ಅಂತ ಒಂದು ಗೂಟ ನೆಡಿ. ಆಮೇಲೂ ಆ ಜಗಲಿ ಬೇಕು ಅನಿಸಿದರೆ, ನಕ್ಷೆಯ ಪ್ರತಿ, ನೀರಿನ ವರದಿ, ಆ ಗೂಟದ ಫೋಟೋ ಮೂರನ್ನೂ ಕಳಿಸಿ. ಮಾಡಿನ ಕೆಲಸಕ್ಕೆ ಎಷ್ಟು ಬೀಳಬಹುದು ಅಂತ ಆಗ ಕೂತು ಲೆಕ್ಕ ಹಾಕೋಣ.